ಒಮ್ಮೆ ಬರೆದು ನೂರು ಕಡೆ ಬಳಸುವ ಫಂಕ್ಷನ್ ಬ್ಲಾಕ್: ಪಿಎಲ್‌ಸಿಯಲ್ಲಿ ಮೋಟಾರ್ ಬ್ಲಾಕ್ ಕಟ್ಟುವ ಬಗೆ

ನಲವತ್ತು ಮೋಟಾರ್ ಇರುವ ಪ್ಲಾಂಟ್‌ನ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಪ್ರೋಗ್ರಾಮನ್ನು ಕಾಪಿ-ಪೇಸ್ಟ್‌ನಲ್ಲೇ ಮುಗಿಸಬಹುದು. ಒಂದು ಮೋಟಾರ್‌ಗೆ ಹನ್ನೆರಡು ರಂಗ್ (ಲ್ಯಾಡರ್ ಪ್ರೋಗ್ರಾಂನ ಸಾಲು) ಬರೆದು, ಮೂವತ್ತೊಂಬತ್ತು ಸಲ ನಕಲು ಮಾಡಿ, ಟ್ಯಾಗ್ ಹೆಸರು ಬದಲಿಸುತ್ತ ಹೋದರೆ ಸಂಜೆಯೊಳಗೆ ಕೆಲಸ ಆದಂತೆ ಕಾಣುತ್ತದೆ. ಇಪ್ಪತ್ತಮೂರನೆಯ ನಕಲಿನಲ್ಲಿ ಒಂದು ಇಂಟರ್‌ಲಾಕ್ (ಮೋಟಾರ್ ಓಡಲು ಇರಲೇಬೇಕಾದ ಷರತ್ತು) ಬಿಟ್ ಹಳೆಯದೇ ಉಳಿದಿರುತ್ತದೆ. ಅದು ಗೊತ್ತಾಗುವುದು ಸಂಬಂಧವೇ ಇಲ್ಲದ ಪಂಪ್ ಒಂದು ನಡುರಾತ್ರಿ ನಿಂತಾಗ. ಲಾಜಿಕ್‌ನಲ್ಲೇ ತಪ್ಪು ಸಿಕ್ಕಿತೆನ್ನಿ, ಆಗ ನಲವತ್ತು ಕಡೆ ತಿದ್ದಬೇಕು.

ಒಮ್ಮೆ ಬರೆದು ಬೇಕಾದ ಕಡೆಯೆಲ್ಲ ಕರೆಯಬಹುದಾದ ಲಾಜಿಕ್ ತುಣುಕು, ಅಂದರೆ ಫಂಕ್ಷನ್ ಬ್ಲಾಕ್, ಇರುವುದು ಇದಕ್ಕೇ. ಆದರೆ ಬ್ಲಾಕ್ ಮಾಡಿಬಿಟ್ಟರೆ ಸಾಲದು. ಮೊದಲ ಪ್ರಾಜೆಕ್ಟ್‌ನಲ್ಲಿ ಚೆನ್ನಾಗಿ ನಡೆದ ಬ್ಲಾಕ್ ಎರಡನೆಯದರಲ್ಲಿ ಕೈಕೊಡುವುದಕ್ಕೆ ಬಹುಪಾಲು ಒಂದೇ ಕಾರಣ: ಪಿನ್ (ಬ್ಲಾಕ್‌ಗೆ ಮೌಲ್ಯಗಳು ಒಳಬರುವ, ಹೊರಹೋಗುವ ಬಾಗಿಲು) ಮೂಲಕ ತನಗೆ ಕೊಡದ ಯಾವುದನ್ನೋ ಅದು ಒಳಗಿಂದ ಮುಟ್ಟುತ್ತಿರುತ್ತದೆ. ಒಂದು ಗ್ಲೋಬಲ್ (ಇಡೀ ಪ್ರೋಗ್ರಾಂಗೆ ಸೇರಿದ) ಟ್ಯಾಗ್, ಒಂದು ಮೆಮೊರಿ ಬಿಟ್, ಒಂದು ನೇರ ಔಟ್‌ಪುಟ್ ವಿಳಾಸ, ಏನೋ ಒಂದು. ಕೆಳಗಿನ ಹಂತಗಳೆಲ್ಲ ಇದನ್ನು ತಪ್ಪಿಸುವ ದಾರಿಗಳೇ. ಉದಾಹರಣೆಗೆ ಒಂದೇ ದಿಕ್ಕಿನಲ್ಲಿ ತಿರುಗುವ, ಕಾಂಟ್ಯಾಕ್ಟರ್‌ನಿಂದ (ಮೋಟಾರ್‌ಗೆ ಕರೆಂಟ್ ಕೊಡುವ ವಿದ್ಯುತ್ ಚಾಲಿತ ಸ್ವಿಚ್) ನೇರವಾಗಿ ಓಡುವ ಮೋಟಾರ್ ತೆಗೆದುಕೊಂಡಿದೆ. ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದರೂ ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಿ, ಖಾಲಿ ಜಾಗದ ಬದಲು ಅಂಡರ್‌ಸ್ಕೋರ್ ಹಾಕಿ.

ಫಂಕ್ಷನ್ ಸಾಕೋ, ಫಂಕ್ಷನ್ ಬ್ಲಾಕೇ ಬೇಕೋ

ಪಿಎಲ್‌ಸಿ ಭಾಷೆಗಳ ಮಾನದಂಡ ಐಇಸಿ 61131-3 ಮೊದಲು ಬಂದದ್ದು 1993ರಲ್ಲಿ. ಪ್ರೋಗ್ರಾಂ, ಫಂಕ್ಷನ್ ಬ್ಲಾಕ್, ಫಂಕ್ಷನ್ ಎಂಬ ಮೂರು ಬಗೆಯ ಘಟಕಗಳನ್ನು ಅದು ಹೇಳುತ್ತದೆ. ಫಂಕ್ಷನ್‌ಗೆ ನೆನಪಿಲ್ಲ. ಅದೇ ಇನ್‌ಪುಟ್ ಕೊಟ್ಟರೆ ಅದೇ ಉತ್ತರ. 4–20 ಮಿಲಿಆಂಪ್ ಸಿಗ್ನಲನ್ನು ಬಾರ್‌ಗೆ (ಒತ್ತಡದ ಅಳತೆಗೆ) ಸ್ಕೇಲ್ ಮಾಡುವುದಕ್ಕೆ ಫಂಕ್ಷನ್ ಸಾಕು. ಹಿಂದಿನ ಸ್ಕ್ಯಾನ್‌ನಲ್ಲಿ (ಪಿಎಲ್‌ಸಿ ಇಡೀ ಪ್ರೋಗ್ರಾಮನ್ನು ಒಮ್ಮೆ ಓದಿ ನಡೆಸುವ ಸುತ್ತಿನಲ್ಲಿ) ಏನಾಗಿತ್ತು ಎಂಬುದು ಬೇಕಾದ ಕೂಡಲೇ ಅಂದರೆ ಟೈಮರ್, ಲ್ಯಾಚ್ (ಒಮ್ಮೆ 1 ಆದರೆ ಅಳಿಸುವವರೆಗೂ ಉಳಿಯುವ ಬಿಟ್), ಎಡ್ಜ್ (ಬಿಟ್ ಬದಲಾಗುವ ಕ್ಷಣ), ಕೌಂಟರ್ ಬಂದ ಕೂಡಲೇ ಫಂಕ್ಷನ್ ಬ್ಲಾಕ್ ಬೇಕಾಗುತ್ತದೆ. ಪ್ರತಿ ಬಳಕೆಗೂ ಅದಕ್ಕೆ ತನ್ನದೇ ಮೆಮೊರಿ ಇರುತ್ತದೆ, ಅದನ್ನೇ ಇನ್‌ಸ್ಟನ್ಸ್ ಎನ್ನುವುದು. ಒಂದು ಅಚ್ಚು, ಹಲವು ಇಟ್ಟಿಗೆ ಎಂದುಕೊಂಡರೆ ಸರಿ.

ಮೊದಲು ಕಾಗದದ ಮೇಲೆ ಪಿನ್‌ಗಳು

ಎಡಿಟರ್ ತೆರೆಯುವ ಮುಂಚೆ ಪಿನ್ ಪಟ್ಟಿ ಬರೆಯಿರಿ. ಒಳಗಿನ ಲಾಜಿಕನ್ನು ಆಮೇಲೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ಪಿನ್‌ಗಳನ್ನು ಬದಲಿಸಿದರೆ ಮಾತ್ರ ಆ ಬ್ಲಾಕ್ ಇರುವ ಪ್ರತಿ ಜಾಗವೂ ಅಲುಗಾಡುತ್ತದೆ.

ಒಳಬರುವ ಪಿನ್‌ಗಳು:
- ಆಟೋ_ಮೋಡ್: 1 ಇದ್ದರೆ ಆಟೋ, 0 ಇದ್ದರೆ ಮ್ಯಾನ್ಯುಯಲ್
- ಆಟೋ_ರಿಕ್ವೆಸ್ಟ್: ಸೀಕ್ವೆನ್ಸ್‌ನಿಂದ ಬರುವ ಕೋರಿಕೆ, 1 ಇರುವವರೆಗೂ ಓಡಬೇಕು
- ಮ್ಯಾನ್_ಸ್ಟಾರ್ಟ್, ಮ್ಯಾನ್_ಸ್ಟಾಪ್
- ಇಂಟರ್‌ಲಾಕ್_ಓಕೆ: ಹೊರಗಿನ ಎಲ್ಲ ಷರತ್ತುಗಳನ್ನೂ ಒಟ್ಟುಗೂಡಿಸಿದ ಒಂದೇ ಬಿಟ್
- ಓವರ್‌ಲೋಡ್_ಓಕೆ: ಓವರ್‌ಲೋಡ್ ರಿಲೇಯ ಎನ್‌ಸಿ (ಮಾಮೂಲಿಯಾಗಿ ಮುಚ್ಚಿರುವ) ಕಾಂಟ್ಯಾಕ್ಟ್, 1 ಅಂದರೆ ಆರೋಗ್ಯ
- ಫೀಡ್‌ಬ್ಯಾಕ್: ಕಾಂಟ್ಯಾಕ್ಟರ್ ಎಳೆದಿದೆ ಎಂದು ತಿಳಿಸುವ ಅದರ ಆಕ್ಸಿಲರಿ ಎನ್‌ಒ (ಮಾಮೂಲಿಯಾಗಿ ತೆರೆದಿರುವ) ಕಾಂಟ್ಯಾಕ್ಟ್
- ಫೀಡ್‌ಬ್ಯಾಕ್_ಇದೆ: ಬೂಲ್, ಆರಂಭ ಮೌಲ್ಯ 1
- ಫೀಡ್‌ಬ್ಯಾಕ್_ಸಮಯ: ಆರಂಭ ಮೌಲ್ಯ 2 ಸೆಕೆಂಡು
- ರಿಸೆಟ್

ಹೊರಹೋಗುವವು: ರನ್_ಕಮಾಂಡ್, ಓಡುತ್ತಿದೆ, ಫಾಲ್ಟ್, ಫಾಲ್ಟ್_ಕೋಡ್, ಓಡಿದ_ಸೆಕೆಂಡು, ಸ್ಟಾರ್ಟ್_ಎಣಿಕೆ.

ಈ ಪಟ್ಟಿಯಲ್ಲಿ ಎರಡು ನಿರ್ಧಾರಗಳು ಅಡಗಿವೆ. ಓವರ್‌ಲೋಡ್_ಓಕೆ, ಇಂಟರ್‌ಲಾಕ್_ಓಕೆ ಎರಡಕ್ಕೂ ಆರಂಭ ಮೌಲ್ಯ 0. ಯಾರಾದರೂ ಪಿನ್‌ಗೆ ವೈರ್ ಕೊಡಲು ಮರೆತರೆ ಮೋಟಾರ್ ಓಡುವುದೇ ಇಲ್ಲ, ತಪ್ಪು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಇದನ್ನೇ ಓವರ್‌ಲೋಡ್_ಟ್ರಿಪ್ ಎಂದು ತಿರುಗಿಸಿ ಇಟ್ಟಿದ್ದರೆ ಮರೆತ ಪಿನ್ 0 ಆಗಿಯೇ ಕೂತು 'ಟ್ರಿಪ್ ಇಲ್ಲ' ಎನ್ನುತ್ತಿರುತ್ತದೆ, ವೈರ್ ತುಂಡಾದರೂ ಅದೇ ಮಾತು. ಎರಡನೆಯದು, ಇಂಟರ್‌ಲಾಕ್‌ಗೆ ಒಂದೇ ಪಿನ್. ಟ್ಯಾಂಕ್ ಲೆವೆಲ್, ವಾಲ್ವ್ ಸ್ಥಿತಿ, ಮುಂದಿನ ಕನ್ವೇಯರ್ ಇವೆಲ್ಲ ಆಯಾ ಯಂತ್ರದ ವಿಷಯ. ಅವನ್ನು ಬ್ಲಾಕ್‌ನ ಹೊರಗೇ ಆ್ಯಂಡ್ ಮಾಡಿ ಒಂದು ಬಿಟ್ ಕೊಡಿ. ಬ್ಲಾಕ್‌ಗೆ ಟ್ಯಾಂಕ್ ಇದೆಯೆಂದೇ ಗೊತ್ತಿರಬಾರದು.

ಒಳಬರುವ ಪಿನ್‌ಗಳು ಹದಿನೈದು ದಾಟುತ್ತಿವೆಯೆಂದರೆ ಯೋಚಿಸಿ. ಸ್ಟಾರ್-ಡೆಲ್ಟಾ, ರಿವರ್ಸಿಂಗ್, ಡ್ರೈವ್, ಎರಡು ಸ್ಪೀಡ್ ಎಲ್ಲವೂ ಒಂದೇ ಬ್ಲಾಕ್‌ನಲ್ಲಿ ಇರಲಿ ಎಂದು ಅರವತ್ತು ಪಿನ್ ಮಾಡುವವರಿದ್ದಾರೆ. ಅದು ಯಾವುದಕ್ಕೂ ಸರಿಹೊಂದುವುದಿಲ್ಲ, ಯಾರಿಗೂ ಅರ್ಥವಾಗುವುದೂ ಇಲ್ಲ. ಬೇರೆ ಬಗೆಯ ಮೋಟಾರ್‌ಗೆ ಬೇರೆ ಬ್ಲಾಕ್ ಇರಲಿ.

ಎಮರ್ಜೆನ್ಸಿ ಸ್ಟಾಪ್ ಈ ಪಟ್ಟಿಯಲ್ಲಿ ಇಲ್ಲದಿರುವುದು ಮರೆವಿನಿಂದಲ್ಲ. ಅದು ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿಯ ಕೆಲಸ. ಅದರ ಸ್ಥಿತಿಯನ್ನು ಇಂಟರ್‌ಲಾಕ್‌ಗೆ ಸೇರಿಸಬಹುದು. ಮೋಟಾರ್ ನಿಲ್ಲಿಸುವ ಹೊಣೆಯನ್ನು ಮಾತ್ರ ಈ ಬ್ಲಾಕ್ ಮೇಲೆ ಹೊರಿಸಬಾರದು.

ಬ್ಲಾಕ್ ಸೃಷ್ಟಿಸುವುದು

ಸೀಮೆನ್ಸ್ ಟಿಐಎ ಪೋರ್ಟಲ್‌ನಲ್ಲಿ ಪ್ರೋಗ್ರಾಂ ಬ್ಲಾಕ್ಸ್ ಅಡಿಯಲ್ಲಿ 'ಆ್ಯಡ್ ನ್ಯೂ ಬ್ಲಾಕ್' ಒತ್ತಿ, ಫಂಕ್ಷನ್ ಬ್ಲಾಕ್ ಆರಿಸಿ, ಭಾಷೆ ಕೊಡಿ. ಮೇಲ್ಗಡೆಯ ಇಂಟರ್‌ಫೇಸ್ ಕೋಷ್ಟಕದಲ್ಲಿ ಇನ್‌ಪುಟ್, ಔಟ್‌ಪುಟ್, ಇನ್‌ಔಟ್, ಸ್ಟ್ಯಾಟಿಕ್, ಟೆಂಪ್, ಕಾನ್‌ಸ್ಟಂಟ್ ಎಂಬ ಭಾಗಗಳಿವೆ. ಒಂದು ಸ್ಕ್ಯಾನ್‌ನಿಂದ ಇನ್ನೊಂದಕ್ಕೆ ಉಳಿಯಬೇಕಾದ್ದೆಲ್ಲ ಸ್ಟ್ಯಾಟಿಕ್‌ಗೆ. ಟೈಮರ್‌ಗಳೂ ಎಡ್ಜ್‌ಗಳೂ ಅಲ್ಲಿಗೇ. ಟೈಮರನ್ನು ಎಳೆದು ಹಾಕಿದಾಗ ಬರುವ ಕಿಟಕಿಯಲ್ಲಿ ಸಿಂಗಲ್ ಇನ್‌ಸ್ಟನ್ಸ್ ಬೇಡ, ಮಲ್ಟಿ ಇನ್‌ಸ್ಟನ್ಸ್ ಆರಿಸಿ. ಸಿಂಗಲ್ ಕೊಟ್ಟರೆ ಆ ಟೈಮರ್‌ಗೆ ಒಂದೇ ಡೇಟಾ ಬ್ಲಾಕ್ ಹುಟ್ಟಿ, ನಲವತ್ತು ಮೋಟಾರ್‌ಗಳೂ ಒಂದೇ ಟೈಮರನ್ನು ಎಳೆದಾಡುತ್ತವೆ.

ಹಲವು ತಯಾರಕರ ಪಿಎಲ್‌ಸಿಗಳಿಗೆ ಬಳಸುವ ಕೋಡೆಸಿಸ್‌ನಲ್ಲಿ ಅಪ್ಲಿಕೇಷನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆ್ಯಡ್ ಆಬ್ಜೆಕ್ಟ್' ಅಡಿಯಲ್ಲಿ ಪಿಒಯು (ಪ್ರೋಗ್ರಾಂ ಘಟಕ), ಅದರಲ್ಲಿ ಫಂಕ್ಷನ್ ಬ್ಲಾಕ್. ಬೆಕಾಫ್‌ನ ಟ್ವಿನ್‌ಕ್ಯಾಟ್ 3ರಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಶ್ನೈಡರ್‌ನ ಕಂಟ್ರೋಲ್ ಎಕ್ಸ್‌ಪರ್ಟ್‌ನಲ್ಲಿ ಇದರ ಹೆಸರು ಡಿಎಫ್‌ಬಿ. ಮಿತ್ಸುಬಿಷಿಯ ಜಿಎಕ್ಸ್ ವರ್ಕ್ಸ್ 3ರಲ್ಲಿ ಮ್ಯಾಕ್ರೋ, ಸಬ್‌ರೂಟೀನ್ ಎಂಬ ಎರಡು ಬಗೆ ಕೇಳುತ್ತದೆ. ಮ್ಯಾಕ್ರೋ ಬಗೆಯಲ್ಲಿ ಕರೆದ ಕಡೆಯಲ್ಲೆಲ್ಲ ಕೋಡ್ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಸಬ್‌ರೂಟೀನ್‌ನಲ್ಲಿ ಕೋಡ್ ಒಂದೇ ಕಡೆ ಇರುತ್ತದೆ. ನಲವತ್ತು ಮೋಟಾರ್‌ಗೆ ಎರಡನೆಯದೇ ಸರಿ.

ರಾಕ್‌ವೆಲ್‌ನ ಸ್ಟುಡಿಯೋ 5000ದಲ್ಲಿ ಇದು ಆ್ಯಡ್-ಆನ್ ಇನ್‌ಸ್ಟ್ರಕ್ಷನ್, ಬಾಯಿಮಾತಿನಲ್ಲಿ ಎಒಐ. ಇಲ್ಲಿ ಕೆಲವು ವ್ಯತ್ಯಾಸಗಳಿವೆ. ಇನ್‌ಪುಟ್, ಔಟ್‌ಪುಟ್ ಪ್ಯಾರಾಮೀಟರ್‌ಗಳ ಮೌಲ್ಯ ನಕಲಾಗಿ ಒಳಹೊರಗೆ ಹೋಗುತ್ತದೆ. ಸ್ಟ್ರಕ್ಚರ್ ಮತ್ತು ಅರೇಗಳನ್ನು ಇನ್‌ಔಟ್ ಮೂಲಕವೇ ಕೊಡಬೇಕು. ಟೈಮರ್ ಮಿಲಿಸೆಕೆಂಡಿನಲ್ಲಿ ಎಣಿಸುವುದರಿಂದ ಫೀಡ್‌ಬ್ಯಾಕ್_ಸಮಯ ಎಂಬ ಪಿನ್ 2000 ಮೌಲ್ಯದ ಡಿಂಟ್ (32 ಬಿಟ್‌ನ ಪೂರ್ಣಾಂಕ) ಆಗುತ್ತದೆ. ಇನ್ನೊಂದು, ಎಒಐ ಒಳಗಿನ ಲಾಜಿಕನ್ನು ಆನ್‌ಲೈನ್‌ನಲ್ಲಿ ತಿದ್ದಲಾಗದು. ತಿದ್ದಿದರೆ ಡೌನ್‌ಲೋಡ್ ಆಗಲೇಬೇಕು, ಅಂದರೆ ಪ್ಲಾಂಟ್ ನಿಲ್ಲಬೇಕು. ಸೈಟ್‌ಗೆ ಹೋಗುವ ಮೊದಲೇ ಬ್ಲಾಕನ್ನು ಗಟ್ಟಿಯಾಗಿ ಪರೀಕ್ಷಿಸಲು ಇದಕ್ಕಿಂತ ಬೇರೆ ಕಾರಣ ಬೇಡ.

ಒಳಗಿನ ಲಾಜಿಕ್: ಸಾಲುಗಳ ಕ್ರಮ ಮುಖ್ಯ

ಪಿಎಲ್‌ಸಿ ಮೇಲಿಂದ ಕೆಳಗೆ ಓದುತ್ತದೆ. ಹಾಗಾಗಿ ಕ್ರಮವೇ ಅರ್ಧ ಲಾಜಿಕ್.

ಮೊದಲು ಎಡ್ಜ್‌ಗಳು. ರಿಸೆಟ್ ಮತ್ತು ಮ್ಯಾನ್_ಸ್ಟಾರ್ಟ್ ಎರಡಕ್ಕೂ ಆರ್-ಟ್ರಿಗ್ (ಬಿಟ್ 0ಯಿಂದ 1 ಆದ ಸ್ಕ್ಯಾನ್‌ನಲ್ಲಿ ಮಾತ್ರ 1 ಕೊಡುವ ಬ್ಲಾಕ್) ಹಾಕಿ. ರಿಸೆಟ್ ಬಟನ್‌ಗೆ ಟೇಪ್ ಸುತ್ತಿ ಒತ್ತಿಟ್ಟಿರುವುದು, ಸ್ಟಾರ್ಟ್ ಬಟನ್ ಒಳಗೇ ಸಿಕ್ಕಿಕೊಳ್ಳುವುದು ಎರಡೂ ನಡೆಯುವ ಸಂಗತಿಗಳೇ. ನೇರ ಬಿಟ್ ಬಳಸಿದ್ದರೆ ಟ್ರಿಪ್ ಆದ ಮೋಟಾರ್ ತಾನಾಗಿ ಮತ್ತೆ ಓಡತೊಡಗುತ್ತದೆ.

ಆಮೇಲೆ ಎರಡು ಆನ್-ಡಿಲೇ ಟೈಮರ್ (ಇನ್‌ಪುಟ್ ಕೊಟ್ಟ ಸಮಯದುದ್ದಕ್ಕೂ 1 ಇದ್ದರೆ ಮಾತ್ರ ಮುಗಿಯುವಂಥದ್ದು). ಒಂದನೆಯದಕ್ಕೆ ಇನ್‌ಪುಟ್: ರನ್_ಕಮಾಂಡ್ ಇದೆ, ಫೀಡ್‌ಬ್ಯಾಕ್ ಇಲ್ಲ. ಎರಡನೆಯದಕ್ಕೆ: ರನ್_ಕಮಾಂಡ್ ಇಲ್ಲ, ಫೀಡ್‌ಬ್ಯಾಕ್ ಇದೆ. ಎರಡನ್ನೂ ಫೀಡ್‌ಬ್ಯಾಕ್_ಇದೆ ಬಿಟ್‌ನೊಂದಿಗೆ ಆ್ಯಂಡ್ ಮಾಡಿ. ಮೊದಲನೆಯದು ಕಾಂಟ್ಯಾಕ್ಟರ್ ಎಳೆಯದಿದ್ದರೂ ಹಿಡಿಯುತ್ತದೆ, ಓಡುತ್ತಿರುವಾಗ ಬಿದ್ದುಹೋದರೂ ಹಿಡಿಯುತ್ತದೆ. ಅದಕ್ಕೆ ಬೇರೆ ಲಾಜಿಕ್ ಬೇಡ. ಎರಡನೆಯದು ಕಾಂಟ್ಯಾಕ್ಟ್ ಬೆಸೆದುಕೊಂಡ ಕಾಂಟ್ಯಾಕ್ಟರನ್ನು ತೋರಿಸುತ್ತದೆ. ಆಗ ಬ್ಲಾಕ್ ಅಲಾರಂ ಕೊಡಬಲ್ಲದು ಅಷ್ಟೆ. ಕಮಾಂಡ್ ಆಗಲೇ 0 ಆಗಿದೆ, ಮೋಟಾರ್ ನಿಲ್ಲಬೇಕಾದರೆ ಮೇಲಿನ ಬ್ರೇಕರ್ ತೆರೆಯಬೇಕು. ಕಾಂಟ್ಯಾಕ್ಟರ್‌ಗೆ 2 ಸೆಕೆಂಡು ಧಾರಾಳ. ಫೀಡ್‌ಬ್ಯಾಕ್ ಎಂದು ಸ್ಪೀಡ್ ಸ್ವಿಚ್ ಕೊಟ್ಟಿದ್ದರೆ ಮೋಟಾರ್ ವೇಗ ಹಿಡಿಯುವ, ನಿಲ್ಲುವ ಹೊತ್ತಿಗೆ ತಕ್ಕಂತೆ ಹೆಚ್ಚಿಸಿ.

ಮೂರನೆಯದಾಗಿ ಫಾಲ್ಟ್ ಕೋಡ್. ಇಲ್ಲೊಂದು ಜಾಣತನವಿದೆ: ಮೊದಲು ರಿಸೆಟ್, ಆಮೇಲೆ ಪತ್ತೆ. ರಿಸೆಟ್ ಎಡ್ಜ್ ಬಂದರೆ ಕೋಡನ್ನು ಸುಮ್ಮನೆ 0 ಮಾಡಿ. ಅದರ ಕೆಳಗೆ ಕೋಡ್ 0 ಇದ್ದರೆ ಮಾತ್ರ ಎಂಬ ಷರತ್ತಿನೊಂದಿಗೆ ಒಂದೊಂದಾಗಿ ನೋಡಿ. ಓವರ್‌ಲೋಡ್_ಓಕೆ 0 ಆದರೆ ಕೋಡ್ 1, ಮೊದಲ ಟೈಮರ್ ಮುಗಿದರೆ 2, ಎರಡನೆಯದು ಮುಗಿದರೆ 3. ಕಾರಣ ಇನ್ನೂ ಇದ್ದರೆ ಅದೇ ಸ್ಕ್ಯಾನ್‌ನಲ್ಲೇ ಕೋಡ್ ವಾಪಸು ಬರುತ್ತದೆ, 'ಕಾರಣ ಹೋಗಿದೆಯೇ' ಎಂದು ಬೇರೆ ತಪಾಸಣೆ ಬರೆಯಬೇಕಿಲ್ಲ. ಕೋಡ್ 0 ಇದ್ದರೆ ಮಾತ್ರ ಎಂಬ ಷರತ್ತಿನಿಂದ ಮೊದಲು ಬಂದ ಕಾರಣವೇ ಪರದೆಯಲ್ಲಿ ಉಳಿಯುತ್ತದೆ. ಓವರ್‌ಲೋಡ್ ಬಿದ್ದಾಗ ಕಾಂಟ್ಯಾಕ್ಟರೂ ಬೀಳುತ್ತದೆ. ಆಪರೇಟರ್‌ಗೆ ಬೇಕಾದ್ದು ಮೊದಲ ಸುದ್ದಿ, ಎರಡನೆಯದಲ್ಲ. ಈ ಲೆಕ್ಕವನ್ನು ಸ್ಟ್ಯಾಟಿಕ್ ವೇರಿಯಬಲ್ ಒಂದರಲ್ಲಿ ಮಾಡಿ, ಔಟ್‌ಪುಟ್ ಪಿನ್‌ಗೆ ಬ್ಲಾಕ್‌ನ ಕೊನೆಯಲ್ಲಿ ಒಂದೇ ಸಲ ಬರೆಯಿರಿ. ಇಲ್ಲದಿದ್ದರೆ ಎಚ್‌ಎಂಐ (ಆಪರೇಟರ್‌ನ ಪರದೆ) ನಡುವೆ ಓದಿ 0 ಕಂಡು, ಅಲಾರಂ ಪಟ್ಟಿಯಲ್ಲಿ ಬಂದು-ಹೋಗಿ-ಬಂದು ಎಂದು ಮೂರು ಸಾಲು ಮೂಡಬಹುದು.

ನಾಲ್ಕನೆಯದು ಹಲವರು ಬಿಟ್ಟುಬಿಡುವ ಸಾಲು. ಆಟೋದಲ್ಲಿ ಮೋಟಾರ್ ಟ್ರಿಪ್ ಆಯಿತು. ಸೀಕ್ವೆನ್ಸ್‌ನ ಕೋರಿಕೆ ಇನ್ನೂ 1 ಆಗಿಯೇ ಇದೆ. ಆಪರೇಟರ್ ರಿಸೆಟ್ ಒತ್ತಿದ, ಮೋಟಾರ್ ತಕ್ಷಣ ಓಡಿತು. ಅವನು ಅಲಾರಂ ಅಳಿಸಲು ಒತ್ತಿದ್ದು, ಮೋಟಾರ್ ಓಡಿಸಲು ಅಲ್ಲ. ಇದಕ್ಕೆ 'ಕಾಯಬೇಕು' ಎಂಬ ಬಿಟ್ ಇಡಿ. ಫಾಲ್ಟ್ ಬಂದಾಗ 1 ಆಗುತ್ತದೆ, ಆಟೋ_ರಿಕ್ವೆಸ್ಟ್ ಒಮ್ಮೆ 0 ಆದಾಗಷ್ಟೇ 0 ಆಗುತ್ತದೆ. ಅದು 1 ಇರುವವರೆಗೂ ಆಟೋ ಕಮಾಂಡ್ ಇಲ್ಲ. ಈ ಬಿಟ್‌ಗೆ ಆರಂಭ ಮೌಲ್ಯ 1 ಕೊಟ್ಟರೆ ಕರೆಂಟ್ ಹೋಗಿ ಬಂದಾಗಲೂ ಮೋಟಾರ್ ತಾನಾಗಿ ಏಳುವುದಿಲ್ಲ. ಆದರೆ ಇದು ಸೀಮೆನ್ಸ್, ಕೋಡೆಸಿಸ್‌ಗಳಲ್ಲಿ ರಿಟೇನ್ (ಕರೆಂಟ್ ಹೋದರೂ ಮೌಲ್ಯ ಉಳಿಸಿಕೊಳ್ಳುವಂಥದ್ದು) ಅಲ್ಲದ ವೇರಿಯಬಲ್‌ಗೆ ಮಾತ್ರ ಸರಿ. ರಾಕ್‌ವೆಲ್‌ನಲ್ಲಿ ಟ್ಯಾಗ್‌ಗಳು ಪವರ್ ಹೋಗಿ ಬಂದರೂ ಹಳೆಯ ಮೌಲ್ಯ ಹಿಡಿದುಕೊಂಡೇ ಇರುತ್ತವೆ. ಅಲ್ಲಿ ಎಒಐಯ ಪ್ರಿಸ್ಕ್ಯಾನ್ (ಪ್ರೋಗ್ರಾಂ ಓಡಲು ಶುರುವಾಗುವ ಮುನ್ನ ಒಮ್ಮೆ ನಡೆಯುವ) ರೂಟೀನ್ ಸೇರಿಸಿ ಅದರಲ್ಲಿ ಈ ಬಿಟ್ಟನ್ನು 1 ಮಾಡಬೇಕು.

ಐದನೆಯದು ಕಮಾಂಡ್. ಅನುಮತಿ ಅಂದರೆ ಇಂಟರ್‌ಲಾಕ್_ಓಕೆ ಇದೆ, ಕೋಡ್ 0 ಇದೆ. ಆಟೋದಲ್ಲಿ: ಕೋರಿಕೆ, ಅನುಮತಿ ಎರಡೂ ಇರಬೇಕು, 'ಕಾಯಬೇಕು' ಇರಬಾರದು. ಮ್ಯಾನ್ಯುಯಲ್‌ನಲ್ಲಿ: ಸ್ಟಾರ್ಟ್ ಎಡ್ಜ್ ಬಂದರೆ ಲ್ಯಾಚ್ 1, ಅದರ ಕೆಳಗಿನ ಸಾಲಿನಲ್ಲಿ ಸ್ಟಾಪ್ ಬಂದರೆ ಅಥವಾ ಅನುಮತಿ ಹೋದರೆ ಲ್ಯಾಚ್ 0. ಸ್ಟಾಪ್ ಕೆಳಗಿರಬೇಕು, ಎರಡನ್ನೂ ಒಟ್ಟಿಗೆ ಒತ್ತಿದರೆ ಸ್ಟಾಪ್ ಗೆಲ್ಲಬೇಕು. ಆಟೋದಲ್ಲಿ ಇರುವಷ್ಟು ಹೊತ್ತೂ ಮ್ಯಾನ್ಯುಯಲ್ ಲ್ಯಾಚ್‌ಗೆ ಈಗಿನ ರನ್_ಕಮಾಂಡ್ ಮೌಲ್ಯವನ್ನೇ ನಕಲಿಸುತ್ತಿರಿ. ಆಗ ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿದಾಗ ಓಡುತ್ತಿರುವ ಮೋಟಾರ್ ತಟ್ಟನೆ ನಿಲ್ಲುವುದಿಲ್ಲ.

ಇಂಟರ್‌ಲಾಕ್ ಹೋದದ್ದನ್ನು ಫಾಲ್ಟ್ ಎಂದು ಲ್ಯಾಚ್ ಮಾಡಬೇಡಿ. ಟ್ಯಾಂಕ್ ಖಾಲಿಯಾಗಿ ಪಂಪ್ ನಿಂತರೆ ಅದು ದಿನದ ಕೆಲಸ. ಪ್ರತಿ ಸಲ ರಿಸೆಟ್ ಒತ್ತಿಸಿದರೆ ಆಪರೇಟರ್‌ಗಳು ಎಲ್ಲ ಅಲಾರಂಗಳನ್ನೂ ಓದದೇ ಒತ್ತುವುದನ್ನು ಕಲಿಯುತ್ತಾರೆ.

ಓಡಿದ ಗಂಟೆ: ಸಣ್ಣ ಲೆಕ್ಕ, ದೊಡ್ಡ ತಪ್ಪು

ಮೋಟಾರ್ ಓಡಿದ ಅವಧಿಯನ್ನು ರಿಯಲ್ (ದಶಮಾಂಶ ಸಂಖ್ಯೆಯ) ವೇರಿಯಬಲ್‌ನಲ್ಲಿ ಕೂಡಿಸುವ ಬ್ಲಾಕ್‌ಗಳು ಎಷ್ಟೋ ಇವೆ. 32 ಬಿಟ್‌ನ ರಿಯಲ್‌ಗೆ 24 ಬಿಟ್‌ನಷ್ಟೇ ನಿಖರತೆ. ಸೆಕೆಂಡಿಗೊಮ್ಮೆ 1.0 ಕೂಡಿಸುತ್ತ ಹೋದರೆ 1,67,77,216ಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಎಷ್ಟು ಸಲ 1 ಕೂಡಿಸಿದರೂ ಸಂಖ್ಯೆ ಕದಲುವುದಿಲ್ಲ. ಅಂದರೆ ಸುಮಾರು 4,660 ಗಂಟೆ, ಎಡೆಬಿಡದೆ ಓಡುವ ಪಂಪ್‌ಗೆ 194 ದಿನ. ಪ್ರತಿ ಸ್ಕ್ಯಾನ್‌ಗೂ 0.01 ಸೆಕೆಂಡು ಕೂಡಿಸುವವರ ಪಾಡು ಇನ್ನೂ ಕಷ್ಟ. 2,62,144 ಸೆಕೆಂಡಿಗೆ, ಅಂದರೆ ಮೀಟರ್ 73 ಗಂಟೆ ತೋರಿಸುವ ಮೊದಲೇ, ಎಣಿಕೆ ಹೆಪ್ಪುಗಟ್ಟುತ್ತದೆ. ಅದಕ್ಕೂ ಮುಂಚಿನ ಅರ್ಧ ದಾರಿಯಲ್ಲಿ ಪ್ರತಿ 0.01 ಕೂಡ 0.0156 ಆಗಿ ದುಂಡಾಗುವುದರಿಂದ ಮೀಟರ್ ಒಂದೂವರೆ ಪಟ್ಟು ವೇಗದಲ್ಲಿ ಓಡಿರುತ್ತದೆ. ಮೂರು ದಿನದ ಕಮಿಷನಿಂಗ್‌ನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಸೆಕೆಂಡುಗಳನ್ನು ಡಿಂಟ್‌ನಲ್ಲಿ ಇಡಿ. ಅದು ತುಂಬಲು 68 ವರ್ಷ ಬೇಕು. ಗಂಟೆ ಬೇಕೆಂದಾಗ 3600ರಿಂದ ಭಾಗಿಸಿದರಾಯಿತು.

ಸೆಕೆಂಡು ಎಣಿಸಲು ತನ್ನನ್ನು ತಾನೇ ರಿಸೆಟ್ ಮಾಡಿಕೊಳ್ಳುವ 1 ಸೆಕೆಂಡಿನ ಟೈಮರ್ ಹಾಕುವುದೂ ಸಾಮಾನ್ಯ. ಪ್ರತಿ ಸುತ್ತಿನಲ್ಲೂ ರಿಸೆಟ್‌ಗೆಂದು ಕನಿಷ್ಠ ಒಂದು ಸ್ಕ್ಯಾನ್ ಹೋಗುತ್ತದೆ. ಸ್ಕ್ಯಾನ್ 10 ಮಿಲಿಸೆಕೆಂಡು ಇದ್ದರೆ ಶೇ. 1ರಷ್ಟು ನಷ್ಟ, ದಿನಕ್ಕೆ 14 ನಿಮಿಷ. ಸರಿಯಾದ ದಾರಿ: ಸಿಸ್ಟಂನ ಮಿಲಿಸೆಕೆಂಡು ಗಡಿಯಾರವನ್ನು ಓದಿ, ಹಿಂದಿನ ಸ್ಕ್ಯಾನ್‌ನ ಓದನ್ನು ಕಳೆದು, ಬಂದದ್ದನ್ನು 'ಶೇಷ'ಕ್ಕೆ ಕೂಡಿಸಿ. ಶೇಷ 1000 ದಾಟಿದಾಗ ಸೆಕೆಂಡಿನ ಎಣಿಕೆಗೆ 1 ಸೇರಿಸಿ ಶೇಷದಿಂದ 1000 ಕಳೆಯಿರಿ. ಶೇಷವನ್ನು 0 ಮಾಡಬೇಡಿ, ಉಳಿದ ಚೂರೇ ನಿಖರತೆ. ಕೋಡೆಸಿಸ್‌ನ ಟೈಮ್ ಫಂಕ್ಷನ್ 49.7 ದಿನಕ್ಕೊಮ್ಮೆ ಸುತ್ತು ಹೊಡೆಯುತ್ತದೆ, ಸೈನ್ ಇಲ್ಲದ 32 ಬಿಟ್‌ನಲ್ಲಿ ಕಳೆದರೆ ಉತ್ತರ ತಾನಾಗಿ ಸರಿಬರುತ್ತದೆ. ಸೀಮೆನ್ಸ್ ಎಸ್7-1500ರ ಟೈಮ್-ಟಿಕ್ 24 ದಿನ 20 ಗಂಟೆಗೆ ಸೊನ್ನೆಗೆ ಮರಳುತ್ತದೆ, ಅಲ್ಲಿ ವ್ಯತ್ಯಾಸ ಮೈನಸ್ ಬಂದ ಆ ಒಂದು ಸ್ಕ್ಯಾನನ್ನು ಬಿಟ್ಟುಬಿಡಿ. ಮೊದಲ ಸ್ಕ್ಯಾನ್‌ನಲ್ಲಿ ಹಿಂದಿನ ಓದು ಇರುವುದೇ ಇಲ್ಲ. ಆಗ ವ್ಯತ್ಯಾಸ ಭಾರಿ ಸಂಖ್ಯೆಯಾಗಿ ಮೀಟರ್ ಹಾರಿಬಿಡುತ್ತದೆ, ಹಾಗಾಗಿ 5000ಕ್ಕಿಂತ ದೊಡ್ಡ ವ್ಯತ್ಯಾಸವನ್ನು ಎಸೆಯಿರಿ.

ಓಡಿದ_ಸೆಕೆಂಡು ಮತ್ತು ಸ್ಟಾರ್ಟ್_ಎಣಿಕೆ ರಿಟೇನ್ ಆಗಬೇಕು, ಉಳಿದದ್ದು ಬೇಡ. ಔಟ್‌ಪುಟ್ ಪಿನ್‌ಗೆ ಬದಲಾಗಿ ಒಳಗಿನ ವೇರಿಯಬಲನ್ನೇ ರಿಟೇನ್ ಮಾಡಿ, ಪಿನ್‌ಗೆ ಕೊನೆಯಲ್ಲಿ ನಕಲಿಸಿದರೆ ಚೊಕ್ಕ. ಕೋಡೆಸಿಸ್‌ನಲ್ಲಿ ಬ್ಲಾಕ್‌ನ ಒಂದು ವೇರಿಯಬಲನ್ನು ರಿಟೇನ್ ಎಂದರೂ ಇಡೀ ಇನ್‌ಸ್ಟನ್ಸ್ ರಿಟೇನ್ ಮೆಮೊರಿಯಲ್ಲಿ ಜಾಗ ಹಿಡಿಯುತ್ತದೆ. ಚಿಕ್ಕ ಕಂಟ್ರೋಲರ್‌ಗಳಲ್ಲಿ ಆ ಮೆಮೊರಿ ಕಡಿಮೆ, ಇನ್ನೂರು ಇನ್‌ಸ್ಟನ್ಸ್ ಹಾಕುವ ಮೊದಲು ಲೆಕ್ಕ ನೋಡಿ.

ಒಂದೇ ಇದ್ದಾಗ ಸರಿ, ಎರಡಾದಾಗ ತಪ್ಪು

ಎಡ್ಜ್ ನೆನಪಿಗೆ ಗ್ಲೋಬಲ್ ಬಿಟ್ ಬಳಸಿದರೆ ಏನಾಗುತ್ತದೆಂದು ಸ್ಕ್ಯಾನ್ ಸ್ಕ್ಯಾನ್ ಆಗಿ ನೋಡೋಣ. ಬ್ಲಾಕ್ ಒಳಗಿನ ಸ್ಟಾರ್ಟ್ ಎಡ್ಜ್‌ಗೆ ಎಂ10.0 ಎಂಬ ಬಿಟ್ ಕೊಟ್ಟಿದೆ, ಎರಡು ಪಂಪ್‌ಗಳಿವೆ. ಎರಡನೆಯ ಪಂಪ್‌ನ ಬಟನ್ ಮಾತ್ರ ಒತ್ತಿದೆ. ಮೊದಲ ಇನ್‌ಸ್ಟನ್ಸ್ ಓಡಿ, ತನ್ನ ಬಟನ್ 0 ಇರುವುದರಿಂದ ಬಿಟ್ಟನ್ನು 0 ಮಾಡುತ್ತದೆ. ಎರಡನೆಯದು ತನ್ನ ಬಟನ್ 1, ಬಿಟ್ 0 ಎಂದು ನೋಡಿ 'ಎಡ್ಜ್ ಬಂತು' ಎನ್ನುತ್ತದೆ, ಬಿಟ್ಟನ್ನು 1 ಮಾಡುತ್ತದೆ. ಮುಂದಿನ ಸ್ಕ್ಯಾನ್‌ನಲ್ಲಿ ಮೊದಲನೆಯದು ಮತ್ತೆ 0 ಮಾಡಿತು, ಎರಡನೆಯದಕ್ಕೆ ಮತ್ತೆ ಎಡ್ಜ್. ಬೆರಳು ತೆಗೆಯುವವರೆಗೂ ಪ್ರತಿ ಸ್ಕ್ಯಾನ್‌ಗೂ ಎಡ್ಜ್, ಸ್ಟಾರ್ಟ್ ಎಣಿಕೆ ನೂರಾರು. ಎರಡೂ ಬಟನ್ ಒಟ್ಟಿಗೆ ಒತ್ತಿದರೆ ಇದರ ಉಲ್ಟಾ: ಮೊದಲನೆಯದು ಬಿಟ್ಟನ್ನು 1 ಮಾಡಿಬಿಟ್ಟಿರುತ್ತದೆ, ಎರಡನೆಯದಕ್ಕೆ ಎಡ್ಜ್ ಕಾಣುವುದೇ ಇಲ್ಲ. ಒಂದೇ ಪಂಪ್ ಇಟ್ಟು ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ.

ಹಳೆಯ ಎಸ್7-300, 400 ಪ್ರೋಗ್ರಾಂಗಳನ್ನು ಹೊಸ ಕಂಟ್ರೋಲರ್‌ಗೆ ತರುವಾಗ ನಂಬರ್ ಕೊಟ್ಟ ಎಸ್5 ಟೈಮರ್‌ಗಳೂ ಇದೇ ಪೇಚು ತರುತ್ತವೆ. ಟೆಂಪ್‌ನಲ್ಲಿ ಇಟ್ಟ ಎಡ್ಜ್ ಬಿಟ್ ಅಂತೂ ಇನ್ನೂ ಕೆಟ್ಟದ್ದು, ಅಲ್ಲಿ ಹಿಂದಿನ ಸ್ಕ್ಯಾನ್‌ನ ಮೌಲ್ಯ ಉಳಿದಿರುತ್ತದೆ ಎಂಬ ಭರವಸೆಯೇ ಇಲ್ಲ.

ಬ್ಲಾಕ್ ಬರೆದು ಮುಗಿಸಿದ ಮೇಲೆ ಕ್ರಾಸ್ ರೆಫರೆನ್ಸ್ ತೆರೆದು, ಒಳಗೆ ಗ್ಲೋಬಲ್ ಎನ್ನುವ ಒಂದೇ ಒಂದು ಹೆಸರು ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಸಿಸ್ಟಂನ ಬ್ಲಿಂಕ್ ಬಿಟ್ ಕೂಡ ಬೇಡ, ಬೇಕಿದ್ದರೆ ಅದಕ್ಕೂ ಒಂದು ಪಿನ್ ಕೊಡಿ.

ಕರೆಯುವ ರೀತಿ

ಬ್ಲಾಕನ್ನು ಪ್ರತಿ ಸ್ಕ್ಯಾನ್‌ನಲ್ಲೂ, ಷರತ್ತಿಲ್ಲದೆ, ಒಂದೇ ಸಲ ಕರೆಯಿರಿ. ಸಮಯ ಉಳಿಸಲೆಂದು 'ಲೈನ್ ಆನ್ ಇದ್ದರೆ ಮಾತ್ರ' ಎಂಬ ಷರತ್ತಿನೊಳಗೆ ಕರೆದರೆ, ಲೈನ್ ಆಫ್ ಆದ ಕ್ಷಣದಲ್ಲಿ ರನ್_ಕಮಾಂಡ್ 1 ಇದ್ದದ್ದು 1 ಆಗಿಯೇ ಉಳಿಯುತ್ತದೆ. ಕರೆಯೇ ಇಲ್ಲದ ಮೇಲೆ ಅದನ್ನು 0 ಮಾಡುವವರು ಯಾರು? ಸ್ಟಾಪ್ ಒತ್ತಿದರೂ ಮೋಟಾರ್ ಓಡುತ್ತಿರುತ್ತದೆ. ರಾಕ್‌ವೆಲ್ ಲ್ಯಾಡರ್‌ನಲ್ಲಿ ಎಒಐ ಮುಂದೆ ಒಂದು ಕಾಂಟ್ಯಾಕ್ಟ್ ಹಾಕಿದರೆ ಇದೇ ಗತಿ, ರಂಗ್ ಫಾಲ್ಸ್ ಆದಾಗ ಒಳಗಿನ ಲಾಜಿಕ್ ನಡೆಯುವುದಿಲ್ಲ. ಅದಕ್ಕೆಂದೇ ಎನೇಬಲ್-ಇನ್-ಫಾಲ್ಸ್ ಎಂಬ ರೂಟೀನ್ ಇದೆ. ಯಾರಾದರೂ ಕಾಂಟ್ಯಾಕ್ಟ್ ಹಾಕಿಯೇ ಹಾಕುತ್ತಾರೆಂದು ಭಾವಿಸಿ, ಅದರಲ್ಲಿ ಕಮಾಂಡನ್ನೂ ಲ್ಯಾಚನ್ನೂ 0 ಮಾಡಿಟ್ಟಿರಿ.

ಇನ್‌ಸ್ಟನ್ಸ್ ಹೆಸರಿಗೆ ಡ್ರಾಯಿಂಗ್‌ನ ಟ್ಯಾಗ್ ಸಂಖ್ಯೆಯನ್ನೇ ಕೊಡಿ. ಎಂ-101 ಎಂಬ ಮೋಟಾರ್‌ಗೆ ಎಂ101. ಭೌತಿಕ ಇನ್‌ಪುಟ್, ಔಟ್‌ಪುಟ್ ವಿಳಾಸಗಳು ಬ್ಲಾಕ್‌ನ ಪಿನ್‌ನಲ್ಲಿ ಸೇರಲಿ, ಒಳಗೆ ಎಂದಿಗೂ ಬೇಡ. ಎಚ್‌ಎಂಐಗೆ ಹೋಗುವ ಬಿಟ್‌ಗಳು ಹೆಚ್ಚಾದರೆ ಅವನ್ನೆಲ್ಲ ಒಂದು ಯೂಸರ್ ಡಿಫೈನ್ಡ್ ಟೈಪ್ ಮಾಡಿ ಇನ್‌ಔಟ್ ಪಿನ್‌ನಲ್ಲಿ ಕೊಡುವುದು ಚೆನ್ನ. ಪರದೆಯಲ್ಲಿ ಒಂದೇ ಫೇಸ್‌ಪ್ಲೇಟ್ (ಮೋಟಾರ್‌ನ ಸ್ಥಿತಿ ತೋರಿಸುವ ಸಿದ್ಧ ಕಿಟಕಿ) ನಲವತ್ತಕ್ಕೂ ಸಾಕಾಗುತ್ತದೆ.

ಪರೀಕ್ಷೆ

ಸಿಮ್ಯುಲೇಟರ್‌ನಲ್ಲಿ ಕನಿಷ್ಠ ಎರಡು ಇನ್‌ಸ್ಟನ್ಸ್ ಇಟ್ಟು ಪರೀಕ್ಷಿಸಿ. ಒಂದನ್ನು ಆಡಿಸುವಾಗ ಇನ್ನೊಂದು ಕದಲಬಾರದು. ನೋಡಲೇಬೇಕಾದವು:

- ಸ್ಟಾರ್ಟ್ ಕೊಟ್ಟು ಫೀಡ್‌ಬ್ಯಾಕ್ ಕೊಡಬೇಡಿ. 2 ಸೆಕೆಂಡಿಗೆ ಕೋಡ್ 2, ಕಮಾಂಡ್ 0.
- ಓಡುವಾಗ ಓವರ್‌ಲೋಡ್, ಫೀಡ್‌ಬ್ಯಾಕ್ ಎರಡನ್ನೂ ಒಂದೇ ಸ್ಕ್ಯಾನ್‌ನಲ್ಲಿ ತೆಗೆಯಿರಿ. ಕೋಡ್ 1 ಬರಬೇಕು, 2 ಅಲ್ಲ.
- ಓವರ್‌ಲೋಡ್ ಸರಿಯಾಗುವ ಮೊದಲು ರಿಸೆಟ್ ಒತ್ತಿ. ಕೋಡ್ ಹೋಗಬಾರದು.
- ರಿಸೆಟನ್ನು ಒತ್ತಿಹಿಡಿದೇ ಫಾಲ್ಟ್ ತಂದು ಕಾರಣ ತೆಗೆಯಿರಿ. ಫಾಲ್ಟ್ ಉಳಿಯಬೇಕು.
- ಆಟೋ ಕೋರಿಕೆ 1 ಇರುವಾಗಲೇ ಸಿಪಿಯುವಿನ ಪವರ್ ಹೋಗಿ ಬಂದಂತೆ ಮಾಡಿ. ಮೋಟಾರ್ ಏಳಬಾರದು.
- ಫೀಡ್‌ಬ್ಯಾಕ್_ಸಮಯಕ್ಕೆ 0 ಕೊಡಿ. ಸ್ಟಾರ್ಟ್ ಆದ ಕೂಡಲೇ ಟ್ರಿಪ್ ಆಗುತ್ತದೆ. ಒಳಗೆ ಕನಿಷ್ಠ ಮಿತಿ ಹಾಕುವುದೋ ಬಿಡುವುದೋ ಆಗ ತೀರ್ಮಾನಿಸಿ.

ಸಿಮ್ಯುಲೇಷನ್‌ಗೆಂದು ಕಮಾಂಡನ್ನೇ ಫೀಡ್‌ಬ್ಯಾಕ್ ಆಗಿ ತೋರಿಸುವ ಪಿನ್ ಇಡುವ ಅಭ್ಯಾಸವೂ ಇದೆ. ಅನುಕೂಲವೇನೋ ಹೌದು, ಆದರೆ ಸೈಟ್‌ನಲ್ಲಿ 1 ಆಗಿಯೇ ಉಳಿದುಬಿಟ್ಟರೆ ಕಾಂಟ್ಯಾಕ್ಟರ್ ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ಇಟ್ಟರೆ, ಅದು 1 ಇರುವಷ್ಟು ಹೊತ್ತೂ ಎಚ್‌ಎಂಐಯಲ್ಲಿ ಎಚ್ಚರಿಕೆ ಮಿನುಗುವಂತೆ ಮಾಡಿ.

ಲೈಬ್ರರಿಗೆ ಸೇರಿಸುವುದು, ಆವೃತ್ತಿ ಏರಿಸುವುದು

ಟಿಐಎ ಪೋರ್ಟಲ್‌ನಲ್ಲಿ ಬ್ಲಾಕನ್ನು ಪ್ರಾಜೆಕ್ಟ್ ಲೈಬ್ರರಿಯ ಟೈಪ್ಸ್ ಫೋಲ್ಡರ್‌ಗೆ ಎಳೆದು ಬಿಡಿ, ಆವೃತ್ತಿ ಸಂಖ್ಯೆ ಕೊಡಿ, ಆಮೇಲೆ ಗ್ಲೋಬಲ್ ಲೈಬ್ರರಿಗೆ ನಕಲಿಸಿ. ಮಾಸ್ಟರ್ ಕಾಪೀಸ್ ಫೋಲ್ಡರ್ ಕೂಡ ಇದೆ, ಆದರೆ ಅಲ್ಲಿಂದ ಎಳೆದದ್ದಕ್ಕೆ ಮೂಲದೊಂದಿಗೆ ನಂಟು ಇರುವುದಿಲ್ಲ, ಕಾಪಿ-ಪೇಸ್ಟ್‌ನ ಇನ್ನೊಂದು ರೂಪವಷ್ಟೇ. ಕೋಡೆಸಿಸ್‌ನಲ್ಲಿ ಲೈಬ್ರರಿ ಪ್ರಾಜೆಕ್ಟ್ ಬೇರೆಯದೇ ಮಾಡಿ, ಪ್ರಾಜೆಕ್ಟ್ ಇನ್‌ಫರ್ಮೇಷನ್‌ನಲ್ಲಿ ಕಂಪನಿ, ಶೀರ್ಷಿಕೆ, ಆವೃತ್ತಿ ಮೂರನ್ನೂ ತುಂಬಿ, ಲೈಬ್ರರಿ ರೆಪಾಸಿಟರಿಗೆ ಇನ್‌ಸ್ಟಾಲ್ ಮಾಡಬೇಕು. ರಾಕ್‌ವೆಲ್‌ನಲ್ಲಿ ಎಒಐಯನ್ನು ಎಲ್‌5ಎಕ್ಸ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಸಿಗ್ನೇಚರ್ ಹುಟ್ಟಿಸಿಟ್ಟರೆ ಎರಡು ಪ್ರಾಜೆಕ್ಟ್‌ಗಳಲ್ಲಿ ಇರುವುದು ಒಂದೇ ಬ್ಲಾಕೋ ಯಾರೋ ತಿದ್ದಿದ್ದೋ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಆವೃತ್ತಿಗೆ ಮೂರು ಅಂಕಿ ಸಾಕು. ಒಳಗಿನ ತಪ್ಪು ತಿದ್ದಿದರೆ ಕೊನೆಯದು ಏರಲಿ. ಹೊಸ ಪಿನ್ ಸೇರಿದರೆ ನಡುವಿನದು. ಇರುವ ಪಿನ್‌ನ ಹೆಸರೋ ಟೈಪೋ ಅರ್ಥವೋ ಬದಲಾದರೆ ಮೊದಲನೆಯದು. ಹೊಸ ಪಿನ್‌ಗೆ ಹಳೆಯ ವರ್ತನೆಯೇ ಮುಂದುವರಿಯುವಂಥ ಆರಂಭ ಮೌಲ್ಯ ಕೊಡಿ, ಪಟ್ಟಿಯ ಕೊನೆಯಲ್ಲಿ ಸೇರಿಸಿ. ಬ್ಲಾಕ್‌ನ ತಲೆಯಲ್ಲಿ ದಿನಾಂಕ, ಆವೃತ್ತಿ, ಏಕೆ ಬದಲಾಯಿತು ಎಂದು ಒಂದೊಂದು ಸಾಲಿರಲಿ.

ಪಾಸ್‌ವರ್ಡ್ ಹಾಕಿ ಬ್ಲಾಕನ್ನು ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಮಾಮೂಲಿ ಮೋಟಾರ್ ಬ್ಲಾಕ್‌ನಲ್ಲಿ ಮುಚ್ಚಿಡುವಂಥ ಗುಟ್ಟೇನೂ ಇಲ್ಲ. ರಾತ್ರಿ ಪಾಳಿಯ ಮೆಂಟೆನೆನ್ಸ್‌ನವರಿಗೆ ಒಳಗೆ ಯಾವ ಬಿಟ್ ತಡೆದಿದೆ ಎಂದು ಕಂಡರೆ ಹತ್ತು ನಿಮಿಷದ ಕೆಲಸ, ಕಾಣದಿದ್ದರೆ ಬೆಳಗಿನವರೆಗೆ ಫೋನ್.

ಓಡುತ್ತಿರುವ ಪ್ಲಾಂಟ್‌ನಲ್ಲಿ ಹೊಸ ಆವೃತ್ತಿ ಹಾಕುವಾಗ ಒಂದು ಎಚ್ಚರ. ಸೀಮೆನ್ಸ್‌ನಲ್ಲಿ ಇಂಟರ್‌ಫೇಸ್ ಬದಲಾದರೆ ಡೌನ್‌ಲೋಡ್ ವೇಳೆ ಇನ್‌ಸ್ಟನ್ಸ್ ಡೇಟಾ ಬ್ಲಾಕ್‌ಗಳು ಆರಂಭ ಮೌಲ್ಯಕ್ಕೆ ಮರಳುತ್ತವೆ. ಓಡುತ್ತಿದ್ದ ಮೋಟಾರ್ ನಿಲ್ಲುತ್ತದೆ, ಗಂಟೆ ಮೀಟರ್ ಸೊನ್ನೆಯಾಗುತ್ತದೆ. ಎಸ್7-1200, 1500ರಲ್ಲಿ ಆಪ್ಟಿಮೈಸ್ಡ್ ಬ್ಲಾಕ್‌ಗಳಿಗೆ ಮೆಮೊರಿ ರಿಸರ್ವ್ ಇದೆ. 'ಡೌನ್‌ಲೋಡ್ ವಿತೌಟ್ ರಿಇನಿಷಿಯಲೈಸೇಷನ್' ಮೊದಲೇ ಆನ್ ಮಾಡಿಟ್ಟಿದ್ದರೆ ಹೊಸ ವೇರಿಯಬಲ್‌ಗಳು ಆ ಕಾದಿಟ್ಟ ಜಾಗಕ್ಕೆ ಹೋಗಿ ಹಳೆಯ ಮೌಲ್ಯಗಳು ಹಾಗೇ ಉಳಿಯುತ್ತವೆ. ಅದು ಇಲ್ಲದ ಕಡೆ ಡೌನ್‌ಲೋಡ್‌ಗೆ ಮುಂಚೆ ನಲವತ್ತು ಮೋಟಾರ್‌ಗಳ ಓಡಿದ_ಸೆಕೆಂಡು ಬರೆದಿಟ್ಟುಕೊಳ್ಳಿ. ಅವನ್ನು ವಾಪಸು ತುಂಬಲು ಬ್ಲಾಕ್‌ನಲ್ಲಿ ಒಂದು ಪ್ರೀಸೆಟ್ ಪಿನ್ ಬೇಕಾಗುತ್ತದೆ ಎಂಬುದು ಸಾಮಾನ್ಯವಾಗಿ ಆಗಲೇ ಹೊಳೆಯುವುದು, ಹಾಗಾಗಿ ಅದನ್ನು ಮೊದಲ ಆವೃತ್ತಿಯಲ್ಲೇ ಇಟ್ಟುಬಿಡಿ.